ಗುದ್ದು ಕಲಿಸಿದ ಮೇಷ್ಟ್ರು

ಅವರ ಬಲಗೈಯ ಕಿರುಬೆರಳು ಮುಷ್ಟಿಯೊಳಗೆ ಮಡಚುತ್ತಿರಲಿಲ್ಲ. ಯಾವ ಕಾಲದಲ್ಲೋ ಮುರಿದು, ಸರಿಯಾಗಿ ಕೂಡಿಕೊಳ್ಳದೆ, ಟೀ ಲೋಟ ಹಿಡಿದಾಗಲೂ ಪೊರಕೆ ಹಿಡಿದಾಗಲೂ ಅದೊಂದು ಬೆರಳು ಮಾತ್ರ ನೆಟ್ಟಗೆ ಹೊರಗೆ ನಿಂತಿರುತ್ತಿತ್ತು. ಆ ಕೈಯಿಂದಲೇ ಅವರು ನಮ್ಮ ಕೈಗಳಿಗೆ, ಬಾಕ್ಸಿಂಗ್ ಗ್ಲೌಸಿನೊಳಗೆ ಕಟ್ಟುವ ಬಟ್ಟೆಯ ಪಟ್ಟಿ ಸುತ್ತುತ್ತಿದ್ದರು. ಸುತ್ತುವ ಮೊದಲು ಪಟ್ಟಿಯನ್ನು ತಮ್ಮ ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ ಹಿಡಿದು ಅಳೆಯುತ್ತಿದ್ದರು. ಮೊದಲ ದಿನ ಅದನ್ನು ಕಂಡಾಗ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಮೈಸೂರಿನ ಮಾರುಕಟ್ಟೆಯಲ್ಲಿ ಹೂವಿನವರು ಮಲ್ಲಿಗೆ ಅಳೆಯುವುದು ಹೀಗೆಯೇ. ಆರಡಿ ಎತ್ತರದ, ಚಪ್ಪಟೆ ಮೂಗಿನ, ಎಪ್ಪತ್ತು ದಾಟಿದ ಇಂಗ್ಲೆಂಡಿನ ಮುದುಕರೊಬ್ಬರು ಅಮೆರಿಕದ ಕೆಂಟ್ ಎಂಬ ಊರಿನ ಟೈರ್ ಅಂಗಡಿಯ ಹಿಂದಿನ ಗೋದಾಮಿನಲ್ಲಿ ನಿಂತು ನನಗೆ ಮೊಳ ಹಾಕಿ ಕೊಡುತ್ತಿದ್ದರು.

"ಯಾಕೆ ನಗ್ತಿದೀಯಾ?" ಎಂದರು. ಕಾರಣ ಹೇಳಿದೆ.

"ಹೂವು ಸಾಯಂಕಾಲಕ್ಕೆ ಬಾಡುತ್ತೆ. ನನ್ನ ಪಟ್ಟಿ ಒಗೆದ್ರೆ ನಾಳೆಗೂ ಬರುತ್ತೆ ಕಣಮ್ಮ. ಕೈ ಚಾಚು."

ಅವರು ಆಡುತ್ತಿದ್ದದ್ದು ಇಂಗ್ಲೆಂಡಿನ ಉತ್ತರದ ಕಡೆಯ ಇಂಗ್ಲಿಷು. ಅರ್ಧ ಅಕ್ಷರ ನುಂಗಿ, ಮಾತಿನ ಕೊನೆಗೆ ಹೆಂಗಸರನ್ನು ಅಕ್ಕರೆಯಿಂದ ಕರೆಯುವ ಒಂದು ಪದ ಸೇರಿಸುತ್ತಿದ್ದರು. ನನ್ನ ಮನಸ್ಸು ಅದನ್ನು ಮೊದಲಿನಿಂದಲೂ 'ಕಣಮ್ಮ' ಎಂದೇ ಇಟ್ಟುಕೊಂಡಿದೆ. ಅವರ ಮಾತೆಲ್ಲ ನನ್ನೊಳಗೆ ಉಳಿದಿರುವುದು ಕನ್ನಡದಲ್ಲಿ. ಬೇರೆ ರೀತಿ ಬರೆಯಲು ನನಗೆ ಬಾರದು. ಉಳಿದವರೆಲ್ಲ ಅವರನ್ನು ಕೋಚ್ ಎನ್ನುತ್ತಿದ್ದರು, ನಾನು ಮೇಷ್ಟ್ರೇ ಎಂದೆ. ಹಾಗೆಂದರೇನು ಎಂದು ಕೇಳಿದರು. "ನಮ್ಮ ಕಡೆ ಪಾಠ ಹೇಳ್ತಾ ಹೇಳ್ತಾ ಎರಡು ಬಿಗಿಯೋರು" ಎಂದೆ. "ಹಾಗಾದ್ರೆ ಸರಿಯಾಗಿದೆ" ಎಂದು ಒಪ್ಪಿಕೊಂಡರು.

ನಾನು ಅಲ್ಲಿಗೆ ಹೋಗಿದ್ದು ಬಾಕ್ಸಿಂಗ್ ಮೇಲಿನ ಪ್ರೀತಿಯಿಂದೇನೂ ಅಲ್ಲ. ನನ್ನ ಕೆಲಸ ರೆಡ್ಮಂಡಿನಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಯಜಮಾನರ ಕೆಲಸ ಕೆಂಟಿನಲ್ಲಿ, ವಿಮಾನದ ಬಿಡಿಭಾಗ ಮಾಡುವ ಕಡೆ. ಮನೆಯೂ ಅಲ್ಲೇ. ದಿನಾ ಹೋಗಿಬರುವಷ್ಟರಲ್ಲಿ ಹೈವೇಯಲ್ಲೇ ಅರ್ಧ ಜೀವ ಹೋಗಿರುತ್ತಿತ್ತು. ಬಿಪಿ ನೋಡಿದ ಡಾಕ್ಟರು ಹುಬ್ಬೇರಿಸಿದರು. ಯೋಗಕ್ಕೆ ಸೇರಿದೆ. ಅಲ್ಲಿ ನಮ್ಮವರೇ, ಶವಾಸನದಲ್ಲೂ ಮನೆ ರೇಟಿನ ಮಾತು. ಅದೊಂದು ಶನಿವಾರ ಕಾರಿನ ಟೈರು ಬದಲಿಸಲು ಹೋದಾಗ ಹಿಂದಿನ ಗೋದಾಮಿನಿಂದ ಗಂಟೆಯ ಸದ್ದು ಕೇಳಿಸಿತು. ಹಳೆಯ ಶಾಲೆಗಳಲ್ಲಿ ಜವಾನ ಹೊಡೆಯುತ್ತಿದ್ದಂಥ ಗಂಟೆ. ಹೋಗಿ ಇಣುಕಿದೆ, ಅಷ್ಟೆ.

"ಈ ವಯಸ್ಸಲ್ಲಿ ಬಾಕ್ಸಿಂಗಾ? ಜುಂಬಾಗೆ ಹೋಗ್ಬಾರ್ದಾ?" ಎಂದರು ಯಜಮಾನರು.

"ಜುಂಬಾದಲ್ಲಿ ಯಾರಿಗೂ ಗುದ್ದೋಕೆ ಬಿಡಲ್ಲ" ಎಂದೆ.

ಇಲ್ಲಿಯೂ ಬಿಡಲಿಲ್ಲ. ಮೊದಲ ತಿಂಗಳು ಪೂರ್ತಿ ನೆಲದ ಮೇಲೆ ಎಳೆದ ಸುಣ್ಣದ ಗೆರೆಯ ಮೇಲೆ ಹಿಂದೆ ಮುಂದೆ ಹೆಜ್ಜೆ ಹಾಕಿದ್ದೇ ಆಯಿತು. "ಗುದ್ದು ಬರೋದು ಕೈಯಿಂದ ಅಂತ ಟೀವಿ ನೋಡಿದೋರು ಅಂದ್ಕೊಂಡಿದಾರೆ. ಅದು ಹಿಮ್ಮಡಿಯಿಂದ ಹೊರಡುತ್ತೆ. ಕೈಗೆ ಬರೋದು ಕೊನೆಗೆ" ಎನ್ನುತ್ತಿದ್ದರು. ಹೊಸಬರ ಕೈಗೆ ಪಟ್ಟಿಯನ್ನು ತಾವೇ ಸುತ್ತುವುದು ಅವರ ಪದ್ಧತಿ. ಸುತ್ತುತ್ತಾ ಮನೆಯ ವಿಷಯ, ನಿದ್ದೆಯ ವಿಷಯ ವಿಚಾರಿಸುವರು. ಕೈ ಅವರ ಹತ್ತಿರ ಸಿಕ್ಕಿಬಿದ್ದಿರುವುದರಿಂದ ಉತ್ತರ ಕೊಡದೆ ತಪ್ಪಿಸಿಕೊಳ್ಳುವಂತಿರಲಿಲ್ಲ. ಪಾಠ ಮುಗಿದ ಮೇಲೆ ಆ ಪಟ್ಟಿಗಳನ್ನೆಲ್ಲ ಒಗೆದು ರಿಂಗಿನ ಹಗ್ಗದ ಮೇಲೆ ಒಣಗಿ ಹಾಕುವುದು ನಮ್ಮ ಕೆಲಸ.

ಒಂದು ಸಾಯಂಕಾಲ ಆಫೀಸಿನಲ್ಲಿ ನನ್ನ ಮೂರು ತಿಂಗಳ ಕೆಲಸವನ್ನು ಇನ್ನೊಬ್ಬ ತನ್ನದೆಂದು ಮೀಟಿಂಗಿನಲ್ಲಿ ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡಿದ್ದ. ಕೆಂಡವಾಗಿ ಬಂದವಳು ಗ್ಲೌಸ್ ಹಾಕಿಕೊಂಡು ನೇತಾಡುವ ಮರಳಿನ ಮೂಟೆಗೆ ಕಂಡಾಬಟ್ಟೆ ಬಾರಿಸತೊಡಗಿದೆ. ಮೇಷ್ಟ್ರು ಸ್ವಲ್ಪ ಹೊತ್ತು ನೋಡಿ, ಬಂದು ಮೂಟೆಯನ್ನು ತಬ್ಬಿ ಹಿಡಿದು ನಿಲ್ಲಿಸಿದರು.

"ಇದು ನಿನಗೇನಮ್ಮ ಅನ್ಯಾಯ ಮಾಡಿತ್ತು?"

ನಾನು ಅತ್ತುಬಿಟ್ಟೆ. ಅವರು ಗ್ಲೌಸ್ ಬಿಚ್ಚಿಸಿ, ತಮ್ಮ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು. ಮೂಲೆಮೂಲೆಗೆ ಕಾಫಿ ಅಂಗಡಿ ಇರುವ ಈ ಊರಿನಲ್ಲಿ ಕಾಫಿ ಮುಟ್ಟದೆ ಬದುಕಿದ ಪುಣ್ಯಾತ್ಮ ಅವರು. "ಕೋಪ ಬಂದಾಗ ಗುದ್ದಿದ್ರೆ ಭುಜ ಮೇಲಕ್ಕೆ ಹೋಗುತ್ತೆ, ಕಾಲು ಮರೆತುಹೋಗುತ್ತೆ. ಎದುರಿನವನು ಕಾಯ್ತಾ ಇರೋದೇ ಅದಕ್ಕೆ" ಎಂದರು. ಮರುದಿನ ಆಫೀಸಿನಲ್ಲಿ ನಾನು ಭುಜ ಇಳಿಸಿ, ಕಾಲು ಊರಿ, ಮೆಲ್ಲಗೆ ಮಾತಾಡಿದೆ. ಕೆಲಸ ನನ್ನ ಹೆಸರಿಗೆ ವಾಪಸು ಬಂತು. ಅಷ್ಟು ವರ್ಷದ ಓದಿನಲ್ಲಿ ಯಾರೂ ನನಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ಅವರ ಊರು ಇಂಗ್ಲೆಂಡಿನ ಉತ್ತರದ ಒಂದು ಗಿರಣಿ ಪಟ್ಟಣ. ವಿಮಾನದ ಕಾರ್ಖಾನೆಗೆ ಕೆಲಸಗಾರರು ಬೇಕಾಗಿದ್ದಾಗ ಹೆಂಡತಿಯ ಜೊತೆ ಇಲ್ಲಿಗೆ ಬಂದು, ನಿವೃತ್ತರಾಗುವ ತನಕ ಲೋಹ ಕೊರೆಯುತ್ತಿದ್ದವರು. ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಗೋದಾಮೇ ಮನೆಯಾಗಿತ್ತು. ಇಷ್ಟು ದಶಕ ಇಲ್ಲಿ ಕಳೆದರೂ ಅವರ ಬಾಯಲ್ಲಿ 'ನಮ್ಮೂರು' ಎಂದರೆ ಅದೇ. ಚಳಿಗಾಲ ಬಂತೆಂದರೆ ಆ ಊರಿನ ಈಜುಕೊಳದ ನೀರನ್ನು ಖಾಲಿ ಮಾಡಿ, ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ಬಾಕ್ಸಿಂಗ್ ರಿಂಗ್ ಕಟ್ಟುತ್ತಿದ್ದರಂತೆ. ಶುಕ್ರವಾರ ಸಂಜೆ ಗಿರಣಿ ಬಿಟ್ಟ ಕೂಡಲೇ ಊರಿಗೆ ಊರೇ ಅಲ್ಲಿಗೆ. ರಿಂಗಿನಲ್ಲಿ ಬಾಕ್ಸರು ಹೆಜ್ಜೆ ಹಾಕಿದರೆ ಕೆಳಗಿನ ಖಾಲಿ ಕೊಳದಲ್ಲಿ ತಮಟೆ ಬಡಿದಂತೆ ಸದ್ದು.

"ಕಸಾಯಿ ಅಂಗಡಿಯವನ ಮಗ, ಹಾಲು ಹಾಕೋನು, ನಮ್ಮ ಸ್ಕೂಲ್ ಮೇಷ್ಟ್ರ ತಮ್ಮ, ಇವರೇ ಬಾಕ್ಸರುಗಳು. ಶನಿವಾರ ಬೆಳಿಗ್ಗೆ ಹಾಲು ಹಾಕೋಕೆ ಬಂದೋನ ಕಣ್ಣು ಊದಿರೋದು. ನಮ್ಮಮ್ಮ ಬಾಗಿಲಲ್ಲೇ ನಿಲ್ಲಿಸಿ ಅದಕ್ಕೆ ತಣ್ಣೀರು ಬಟ್ಟೆ ಒತ್ತೋಳು" ಎಂದು ನೆನೆಸಿಕೊಳ್ಳುವರು.

ಆಮೇಲೆ ಗಿರಣಿ ಮುಚ್ಚಿತು. ಈಜುಕೊಳ ಕೆಡವಿದರು. ಶಾಲೆಗಳು ಬಾಕ್ಸಿಂಗ್ ಕೈಬಿಟ್ಟವು. ದೊಡ್ಡ ಪಂದ್ಯಗಳು ದುಡ್ಡು ಕಟ್ಟಿದವರಿಗಷ್ಟೇ ಕಾಣುವ ಟೀವಿ ಚಾನೆಲ್ಲಿಗೆ ಹೋದವು. ಅವರು ಕಲಿತ ಕ್ಲಬ್ ಒಂದು ಹಳೆಯ ಚರ್ಚಿನ ನೆಲಮಾಳಿಗೆಗೆ ಇಳಿಯಿತು. ಅವರ ತಮ್ಮನೇ ಅದನ್ನು ನಡೆಸುತ್ತಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ, ಅಲ್ಲಿ ಸಂಜೆಯಾಗುವ ಹೊತ್ತಿಗೆ, ಅಣ್ಣತಮ್ಮಂದಿರು ಫೋನಿನಲ್ಲಿ ಮಾತಾಡುವರು. ಈ ವಾರ ಎಷ್ಟು ಜನ ಬಂದ್ರು ಎಂಬುದೇ ಇವರ ಮೊದಲ ಪ್ರಶ್ನೆ. ಉತ್ತರ ಕೇಳಿ ಫೋನ್ ಇಟ್ಟವರ ಮುಖ ನೋಡಲಾಗುತ್ತಿರಲಿಲ್ಲ. ಕೊನೆಗೊಂದು ಭಾನುವಾರ ತಮ್ಮ, ಬರುವ ವರ್ಷ ಬೀಗ ಹಾಕಿಬಿಡುತ್ತೇನೆ ಎಂದರು.

"ವಾಪಸ್ ಹೋಗಿ ನಾನೇ ಎತ್ತಿ ನಿಲ್ಲಿಸ್ಲಾ ಅಂತ ಯೋಚನೆ" ಎಂದು ಮೇಷ್ಟ್ರು ನನ್ನೊಡನೆ ಹೇಳಿದ್ದು ಪಟ್ಟಿ ಸುತ್ತುವಾಗಲೇ. "ಆದ್ರೆ ಜನಕ್ಕೆ ಬೇಡವಾಗಿದ್ರೆ? ಮುದುಕ ಹೋಗಿ ಖಾಲಿ ಹಾಲ್‌ನಲ್ಲಿ ಗಂಟೆ ಹೊಡೆದಂಗಾಗುತ್ತೆ. ಮೊದಲು ಇಲ್ಲೊಂದು ಮನೆ ಶೋ ಮಾಡಿ ನೋಡ್ತೀನಿ. ಇಲ್ಲಿ ಜನ ಬಂದು ಕೂತ್ರೆ, ಹೋಗ್ತೀನಿ."

ಮನೆ ಶೋ ಎಂದರೆ ಆ ಕಡೆಯ ಕ್ಲಬ್ಬುಗಳ ಸಂಪ್ರದಾಯ. ಒಂದು ಕ್ಲಬ್ಬಿನವರು ಸುತ್ತಲಿನ ಕ್ಲಬ್ಬುಗಳ ಬಾಕ್ಸರುಗಳನ್ನು ತಮ್ಮ ಮನೆಗೆ ಕರೆದು ಪಂದ್ಯ ಆಡಿಸುವುದು, ಊಟ ಹಾಕಿ ಕಳಿಸುವುದು. ಮೇಷ್ಟ್ರು ಸುತ್ತಲಿನ ಊರುಗಳಾದ ಟಕೋಮಾಕ್ಕೂ ಯಾಕಿಮಾಕ್ಕೂ ಫೋನ್ ಮಾಡಿ, ವಯಸ್ಸು, ತೂಕ, ಅನುಭವ ತಾಳೆ ನೋಡಿ ಇಬ್ಬಿಬ್ಬರನ್ನು ಹೊಂದಿಸತೊಡಗಿದರು. ನನಗೂ ಒಬ್ಬಳು ಸಿಕ್ಕಿದಳು. ಟಕೋಮಾದ ನರ್ಸ್, ನನ್ನದೇ ವಯಸ್ಸು, ನನ್ನದೇ ತೂಕ.

ಆ ಬೇಸಿಗೆಯಲ್ಲಿ ನಮ್ಮ ಅತ್ತೆ ಮೈಸೂರಿನಿಂದ ಬಂದಿದ್ದರು. ಸೊಸೆ ಗುದ್ದಾಟಕ್ಕೆ ಇಳಿಯುತ್ತಾಳೆಂದು ತಿಳಿದರೆ ಏನೆನ್ನುತ್ತಾರೋ ಎಂದು ಹೆದರಿದ್ದೆ. ಅವರ ತಂದೆ ಪೈಲ್ವಾನರು ಎಂಬುದು ನನಗೆ ಗೊತ್ತಿತ್ತು. ಅದು ಅವರ ರಕ್ತದಲ್ಲಿ ಎಷ್ಟಿದೆ ಎಂಬುದು ಗೊತ್ತಿರಲಿಲ್ಲ. ಗೋದಾಮಿಗೆ ಬಂದವರೇ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ರಿಂಗಿನ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮೇಷ್ಟ್ರು ಅದನ್ನು ನೋಡಿ ಕುರ್ಚಿಯಿಂದ ಎದ್ದು ನಿಂತರು. ಆಮೇಲೆ ಅವರಿಬ್ಬರ ಮಾತು ಶುರುವಾಯಿತು, ನಡುವೆ ನಾನು ದುಭಾಷಿ.

"ನಮ್ಮಲ್ಲೂ ದಸರಾಕ್ಕೆ ಮುಂಚೆ ಹೀಗೇ ಜೋಡಿ ಕಟ್ತಾರೆ ಅಂತ ಹೇಳಮ್ಮ. ನಮ್ಮಪ್ಪ ಕಣ್ಣಳತೇಲೇ ಕಟ್ಟೋರು. ತಕ್ಕಡಿ ಗಿಕ್ಕಡಿ ಇರ್ಲಿಲ್ಲ."

"ಈಗ ಹೇಗಿದೆ ಅಂತ ಕೇಳು" ಎಂದರು ಮೇಷ್ಟ್ರು.

"ಏನಿದೆ ಮೇಷ್ಟ್ರೇ, ಗರಡಿ ಮಣ್ಣಿಗೆ ಇಳಿಯೋರೇ ಕಡಿಮೆ. ಹುಡುಗ್ರೆಲ್ಲ ಕನ್ನಡಿ ಇರೋ ಜಿಮ್ಮಿಗೆ ಹೋಗ್ತಾವೆ."

ಇದನ್ನು ನಾನು ಅನುವಾದಿಸಿ ಹೇಳಿದೆ. ಅತ್ತೆ ಚೀಲದಿಂದ ಕೋಡುಬಳೆ ತೆಗೆದು ಕೊಟ್ಟರು. ಮೇಷ್ಟ್ರು ಅದನ್ನು ಟೀಯಲ್ಲಿ ಅದ್ದಿ ತಿಂದರು. ಕೋಡುಬಳೆಯನ್ನು ಟೀಯಲ್ಲಿ ಅದ್ದುವುದನ್ನು ನೋಡಿಯೂ ಅತ್ತೆ ಸುಮ್ಮನಿದ್ದರೆಂದರೆ ಅವರ ಮೇಲೆ ಎಷ್ಟು ಗೌರವ ಬಂದಿತ್ತೆಂದು ಲೆಕ್ಕ ಹಾಕಿ.

ಶೋ ದಿನದ ಅಡುಗೆ ನಮ್ಮ ಕನ್ನಡದ ಗೆಳತಿಯರದು. ಬೆಳಿಗ್ಗೆ ಬಾಕ್ಸರುಗಳ ತೂಕ, ಮಧ್ಯಾಹ್ನ ಪಂದ್ಯ, ಕೊನೆಗೆ ಬಿಸಿಬೇಳೆಬಾತು ಎಂದು ಗೊತ್ತುಮಾಡಿದ್ದೆವು. ತೂಕ ನೋಡುವ ಅಧಿಕಾರಿ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಡವಾದರು. ಟಕೋಮಾ, ಯಾಕಿಮಾದಿಂದ ಬಂದವರೆಲ್ಲ ತೂಕ ಮಿತಿ ಮೀರದಿರಲೆಂದು ಹಿಂದಿನ ದಿನದಿಂದ ಅರೆಹೊಟ್ಟೆಯಲ್ಲಿದ್ದು, ತುಟಿ ಒಣಗಿಸಿಕೊಂಡು ಗೋಡೆಗೆ ಒರಗಿ ಕೂತಿದ್ದರು. ನಾನು ಹೊರಗೆ ಕುರ್ಚಿ ಇಳಿಸುತ್ತಿದ್ದೆ. ಅತ್ತೆ ಅವರನ್ನೆಲ್ಲ ಒಂದು ಸುತ್ತು ನೋಡಿದರು. ಪೈಲ್ವಾನರಿಗೆ ಬಾದಾಮಿ ಹಾಲು ಕೊಟ್ಟು ಅಖಾಡಕ್ಕೆ ಇಳಿಸುವ ಮನೆಯ ಮಗಳು ಅವರು. ಕೈಯಲ್ಲಿ ಕೇಸರಿಬಾತಿನ ಡಬರಿ ಇತ್ತು.

ಒಳಗಿನಿಂದ ನನ್ನ ಮಗಳ ಕೂಗು ಕೇಳಿತು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ಇಂಗ್ಲಿಷೇ. "ಅಜ್ಜಿ, ಸ್ಟಾಪ್! ದೇ ಕಾಂಟ್ ಈಟ್!"

"ಯಾಕೆ ತಿನ್ಬಾರ್ದು? ಹಸಿದ ಹೊಟ್ಟೇಲಿ ಯಾರಾದ್ರೂ ಅಖಾಡಕ್ಕೆ ಇಳಿಸ್ತಾರಾ? ಪಾಪ, ಮುಖ ನೋಡೇ ಅವರ್ದು!"

ನಾನು ಓಡಿ ಬರುವಷ್ಟರಲ್ಲಿ ತುಪ್ಪ ಸೋರುವ ಕೇಸರಿಬಾತು ಎರಡೆರಡು ಸಲ, ಮೇಲೆ ದೊಡ್ಡ ಲೋಟದಲ್ಲಿ ಮಜ್ಜಿಗೆ, ಎಲ್ಲ ಆಗಿತ್ತು. ಮನೆಯವರೇ ಕೊಟ್ಟಿದ್ದಾರೆ, ಬೇಡವೆಂದರೆ ಚೆನ್ನಾಗಿರುವುದಿಲ್ಲ ಎಂದು ಅವರು ತಿಂದಿದ್ದರು. ಎಲ್ಲರಿಗಿಂತ ಹೆಚ್ಚು ತಿಂದವಳು ನನ್ನ ನರ್ಸು. ತೂಕ ಹಾಕಿದಾಗ ಅವಳು ಮಿತಿ ದಾಟಿದ್ದಳು. ಇನ್ನೂ ಮೂವರು ದಾಟಿದ್ದರು. ನಾಲ್ಕು ಜೋಡಿ ಅಲ್ಲೇ ಮುರಿದುಬಿದ್ದವು.

"ಅಮ್ಮ ಬೇಕೂಂತ ಮಾಡಿದ್ರಾ?" ಎಂದು ಯಜಮಾನರು ನನ್ನ ಕಿವಿಯಲ್ಲಿ ಕೇಳಿದರು. "ಸೊಸೆಗೆ ಏಟು ಬೀಳಬಾರದು ಅಂತ ಎದುರಾಳಿನೇ ತಿನ್ನಿಸಿ ಹೊರಗೆ ಹಾಕಿದ್ರು ಅನ್ಸುತ್ತೆ!" ಇಂದಿಗೂ ಈ ಕೇಸು ಇತ್ಯರ್ಥವಾಗಿಲ್ಲ. ಅತ್ತೆ ಚಾಮುಂಡಿ ಮೇಲೆ ಆಣೆ ಇಡುತ್ತಾರೆ.

ಆದರೆ ಆಗ ನನಗೆ ನಗು ಬಂದಿರಲಿಲ್ಲ. ಮೇಷ್ಟ್ರು ರಿಂಗಿನ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅವರ ಊರಿಗೆ ಹೋಗುವ ದಾರಿಯನ್ನೇ ನಾವು ಮುಚ್ಚಿದೆವಲ್ಲ ಎನಿಸಿತು. ಅತ್ತೆ ಅವರ ಮುಂದೆ ಹೋಗಿ ನಿಂತು, "ನಂಗೆ ಗೊತ್ತಾಗ್ಲಿಲ್ಲ ಮೇಷ್ಟ್ರೇ" ಎಂದು ಕೈಮುಗಿದರು. ಅದನ್ನು ಅನುವಾದಿಸುವುದು ಬೇಕಾಗಲಿಲ್ಲ. ಮೇಷ್ಟ್ರು ತಲೆ ಎತ್ತಿ, ಅತ್ತೆಯ ಕೈಯಲ್ಲಿದ್ದ ಡಬರಿ ನೋಡಿ, "ನನಗೇನೂ ಉಳಿಸಿಲ್ವಾ?" ಎಂದರು.

ಮಧ್ಯಾಹ್ನ ಉಳಿದ ಜೋಡಿಗಳ ಪಂದ್ಯ ನಡೆಯಿತು. ತೂಕ ತಪ್ಪಿದವರೂ ಸುಮ್ಮನೆ ಮನೆಗೆ ಹೋಗಬಾರದೆಂದು ಮೇಷ್ಟ್ರು ಅಧಿಕಾರಿಯನ್ನು ಒಪ್ಪಿಸಿ, ಸೋಲುಗೆಲುವಿಲ್ಲದ ಪ್ರದರ್ಶನ ಆಡಿಸಿದರು. ನಾನೂ ನರ್ಸೂ ಮೂರು ಸುತ್ತು ಆಡಿದೆವು. ಕೇಸರಿಬಾತಿನ ಭಾರಕ್ಕೆ ಅವಳು ನಿಧಾನವಾಗಿದ್ದಳು, ಭಯಕ್ಕೆ ನಾನು. ಎರಡನೇ ಸುತ್ತಿನಲ್ಲಿ ಅವಳ ಒಂದು ಗುದ್ದು ನನ್ನ ಮೂಗಿಗೆ ಬಿತ್ತು. "ಕಾಲು ಊರೇ! ಕಾಲು ಊರು!" ಎಂದು ಅತ್ತೆ ಕೂಗಿದ್ದು ಗೋದಾಮೆಲ್ಲ ಕೇಳಿತು. ಜನ ನಕ್ಕರು, ಶಿಳ್ಳೆ ಹೊಡೆದರು, ನನ್ನ ಹೆಸರು ಕೂಗಿದರು. ಟೈರ್ ಅಂಗಡಿಯವರು, ಯೋಗ ಕ್ಲಾಸಿನವರು, ಯಾಕಿಮಾದ ತೋಟದ ಕೆಲಸದ ಕುಟುಂಬಗಳು, ಎಲ್ಲ ಒಂದೇ ಬೆಂಚಿನಲ್ಲಿ. ಪಂದ್ಯ ಮುಗಿದು ಎಷ್ಟೋ ಹೊತ್ತಾದರೂ ಯಾರೂ ಏಳಲಿಲ್ಲ. ಬಿಸಿಬೇಳೆಬಾತಿನ ತಟ್ಟೆ ಹಿಡಿದು, ಹೊಡೆದವರೂ ಹೊಡೆಸಿಕೊಂಡವರೂ ಪಕ್ಕಪಕ್ಕ ಕೂತು ಮಾತಾಡುತ್ತಿದ್ದರು.

ಮೇಷ್ಟ್ರು ಬಾಗಿಲಿಗೆ ಒರಗಿ ಅದನ್ನೇ ನೋಡುತ್ತಿದ್ದರು. "ನಾಲ್ಕು ಪಂದ್ಯ ಇಲ್ಲ ಅಂತ ಒಬ್ಬರಾದ್ರೂ ಎದ್ದು ಹೋದ್ರಾ? ಅವರು ಬಂದಿದ್ದು ಚಾಂಪಿಯನ್ ನೋಡೋಕಲ್ಲ ಕಣಮ್ಮ, ಗೊತ್ತಿರೋರನ್ನ ನೋಡೋಕೆ. ನಮ್ಮೂರಲ್ಲಿ ನಾವು ಚಾಂಪಿಯನ್ ಹುಟ್ಟಲಿ ಅಂತ ಕಾಯ್ತಾ ಕೂತ್ವಿ. ಒಲೆ ಹಚ್ಚೋದು ಮರೆತ್ವಿ" ಎಂದರು. ಕಣ್ಣು ಒದ್ದೆಯಾಗಿತ್ತು. ಅವರು ಹೋಗುತ್ತಾರೆಂದು ನನಗೆ ಆಗಲೇ ತಿಳಿಯಿತು. ನಾನೇ ಬಯಸಿದ್ದು ಅದು, ಆದರೂ ಹೋಗಬೇಡಿ ಎನ್ನಬೇಕೆನಿಸಿತು.

ಎಲೆ ಉದುರುವ ಕಾಲಕ್ಕೆ ಹೊರಟರು. ಗಂಟೆಯನ್ನು ಜೊತೆಗೆ ಒಯ್ದರು, ಪಟ್ಟಿಗಳನ್ನು ನಮಗೆ ಬಿಟ್ಟರು. ಏರ್‌ಪೋರ್ಟಿನಲ್ಲಿ ನನ್ನ ಎರಡು ಕೈ ಹಿಡಿದು, ಪಟ್ಟಿ ಸುತ್ತುವವರ ಹಾಗೆ ಒಂದು ಸಲ ಮಗುಚಿ ನೋಡಿ, "ಭುಜ ಇಳಿಸು" ಎಂದರು, ಅಷ್ಟೇ.

ಆಮೇಲೆ ಭಾನುವಾರ ಬೆಳಗಿನ ಫೋನು ನನ್ನದಾಯಿತು. ಹೋದವರು ಮೊದಲು ರಿಂಗ್ ಮುಟ್ಟಲಿಲ್ಲ. ಚರ್ಚಿನ ಹಾಳುಬಿದ್ದ ಅಡುಗೆಮನೆ ತೊಳೆಸಿ ಒಲೆ ಹಚ್ಚಿಸಿದರು. ಗಿರಣಿ ಕೆಲಸಗಾರರು ಬಿಟ್ಟುಹೋದ ಬೀದಿಗಳಲ್ಲಿ ಈಗ ಪಾಕಿಸ್ತಾನ, ಬಾಂಗ್ಲಾದೇಶದ ಕಡೆಯ ಕುಟುಂಬಗಳಿದ್ದವು. ಮನೆಮನೆಗೆ ಹೋಗಿ, ಮಕ್ಕಳನ್ನಲ್ಲ, ತಾಯಂದಿರನ್ನು ಕರೆದರು. ಬೆಳಗಿನ ಹೊತ್ತು ಅವರಿಗೇ ಪಾಠ. ತಾಯಂದಿರ ಹಿಂದೆ ಹೆಣ್ಣುಮಕ್ಕಳು, ಅವರ ಹಿಂದೆ ಗಂಡುಮಕ್ಕಳು. ಎರಡನೇ ಚಳಿಗಾಲಕ್ಕೆ ನೆಲಮಾಳಿಗೆ ಸಾಲದೆ ಮೇಲಿನ ಹಾಲಿಗೆ ಹತ್ತಿದರು. "ಈ ವಾರ ಎಷ್ಟು ಜನ?" ಎಂದು ಈಗ ಕೇಳುವವಳು ನಾನು. "ಎಣಿಸೋಕಾಗಲ್ಲ, ಓಡಾಡ್ತಿರ್ತಾರೆ" ಎಂದು ಹೆಮ್ಮೆಯಿಂದ ಗೊಣಗುವರು. ಪ್ರತಿ ಸಲ ಕೊನೆಗೆ, "ಬಾ, ಒಂದು ಸಲ ಬಂದು ನೋಡು."

ಹೋಗುವ ಹಾಗಿರಲಿಲ್ಲ. ನಮ್ಮ ವೀಸಾದ ಕಾಗದಗಳು ಎಲ್ಲೋ ಸಿಕ್ಕಿಕೊಂಡಿದ್ದವು, ದೇಶ ಬಿಟ್ಟರೆ ಮತ್ತೆ ಒಳಗೆ ಬರುವ ಖಾತ್ರಿಯಿರಲಿಲ್ಲ. ಮೈಸೂರಿಗೂ ಹೋಗಲಾರದೆ, ಆ ಊರಿಗೂ ಹೋಗಲಾರದೆ, ಕೆಂಟಿನ ಮಳೆಯಲ್ಲಿ ಕಾರು ನಿಲ್ಲಿಸಿಕೊಂಡು ಅವರ ಮಾತು ಕೇಳುತ್ತಿದ್ದೆ. ಅವರ ಹಿಂದೆ ಮಕ್ಕಳ ಗಲಾಟೆ, ಹೆಂಗಸರ ನಗು, ನಡುವೆ ಆ ಗಂಟೆ. ಆ ಗಂಟೆ ಕೇಳಿದಾಗಲೆಲ್ಲ ನನ್ನ ಭುಜ ತಾನಾಗಿ ಇಳಿಯುತ್ತಿತ್ತು. ಅವರು ಎದುರಿಗೆ ಬಂದು ಕೈ ಚಾಚು ಎನ್ನಬಾರದೇ ಎಂದು ಆಸೆಯಾಗುತ್ತಿತ್ತು.

ಕಳೆದ ಮಾರ್ಚಿನಲ್ಲಿ ಅವರ ಊರಿನ ಮನೆ ಶೋ. ಮರುದಿನ ಭಾನುವಾರ ಫೋನ್ ಬಂದಾಗ ಸಂಭ್ರಮದಿಂದ ಎತ್ತಿದೆ. ಮಾತಾಡಿದ್ದು ಅವರ ತಮ್ಮ. ಶೋ ಮುಗಿಸಿ ಮನೆಗೆ ಹೋಗಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂದರು. ಹಾಲ್ ತುಂಬಿ ಜನ ಕಿಟಕಿಯಲ್ಲಿ ನಿಂತಿದ್ದರಂತೆ. ಆಮೇಲೆ ಫೋನಿನ ಕ್ಯಾಮೆರಾ ತಿರುಗಿಸಿ ಖಾಲಿ ಹಾಲನ್ನು ತೋರಿಸಿದರು. ಅಡುಗೆಮನೆಯ ಬಾಗಿಲ ಮೇಲೆ ಒಂದು ಹಲಗೆ, ಅದರ ಮೇಲೆ ಮೇಷ್ಟ್ರ ದಪ್ಪ ಅಕ್ಷರ: 'ಮೈಸೂರು ನಿಯಮ. ತೂಕ ಆಗುವವರೆಗೆ ಯಾರೂ ತಿನ್ನಬಾರದು. ತೂಕ ಆದ ಮೇಲೆ ಯಾರೂ ತಿನ್ನದೆ ಹೋಗಬಾರದು.'

"ಇಲ್ಲಿ ಯಾರಿಗೂ ಮೈಸೂರು ಎಲ್ಲಿದೆ ಅಂತ ಗೊತ್ತಿಲ್ಲ" ಎಂದರು ತಮ್ಮ. "ನಿಯಮ ಮಾತ್ರ ಯಾರೂ ಮೀರಲ್ಲ."

ಅತ್ತೆಗೆ ಹೇಳದಿರಲು ಆಗುತ್ತದೆಯೇ. ಮೈಸೂರಿಗೆ ಫೋನ್ ಮಾಡಿ ಹೇಳಿದೆ. ಹಲಗೆಯ ಮಾತನ್ನೂ ಓದಿ ಹೇಳಿದೆ. ಸಣ್ಣ ದನಿಯಲ್ಲಿ ಅವರು ಕೇಳಿದ್ದು ಒಂದೇ.

"ಮೇಷ್ಟ್ರು ತಿಂದು ಹೋದ್ರಂತಾ?"

ಅದನ್ನು ನಾನೂ ತಮ್ಮನ ಹತ್ತಿರ ಕೇಳಿ ತಿಳಿದುಕೊಂಡಿದ್ದೆ.

"ತಿಂದೇ ಹೋದ್ರು ಅತ್ತೆ. ಎಲ್ಲರಿಗೂ ಬಡಿಸಿ, ಕೊನೆಗೆ ತಾವೂ ಕೂತು, ಎರಡನೇ ಸಲ ಹಾಕಿಸಿಕೊಂಡ್ರಂತೆ."

"ಹಾಗಾದ್ರೆ ಸರಿ ಕಣಮ್ಮ" ಎಂದರು ಅತ್ತೆ, ಮೇಷ್ಟ್ರು ಅನ್ನುತ್ತಿದ್ದ ಹಾಗೆಯೇ.